ಫಕ್ಕೀರವ್ವ ಹೇಳಿದ ತಾರೀಖು

ಬಂಕಾಪುರದಲ್ಲಿ ಸೂಲಗಿತ್ತಿ ಫಕ್ಕೀರವ್ವನ ಕೈಯಲ್ಲಿ ಹುಟ್ಟದ ಮಕ್ಕಳು ಕಡಿಮೆ. ಊರ ಮಕ್ಕಳನ್ನೆಲ್ಲ ಭೂಮಿಗೆ ತಂದಾಕೆ ತನ್ನ ಇಬ್ಬರನ್ನು ಒಂದೇ ವಾರದಲ್ಲಿ ಪ್ಲೇಗಿಗೆ ಕೊಟ್ಟಿದ್ದಳು. ಸತ್ತವರು ಎದ್ದು ಬರುತ್ತಾರೆ ಎಂದು ಆಕೆಗೆ ಹೇಳಿದವರು ಕ್ರೈಸ್ತರು ಮಾತ್ರ. ಆ ಒಂದು ಮಾತಿಗಾಗಿಯೇ ದೀಕ್ಷಾಸ್ನಾನ ತಗೊಂಡಳು.

೧೯೪೧ರಲ್ಲಿ ಯಾಕೋಬಪ್ಪ ಎಂಬ ಬೋಧಕ ಊರಿಗೆ ಬಂದ. ಯಾವ ಮಿಶನ್ನಿಗೂ ಸೇರದ ಒಂಟಿ ಮನುಷ್ಯ. ಶಾಸ್ತ್ರದೊಳಗಿನ ದಿನಗಳನ್ನು ಕೂಡಿಸಿ ಕಳೆದು ಪ್ರಭು ಮರಳಿ ಬರುವ ತಾರೀಖು ತೆಗೆದಿದ್ದ.

"ಯುದ್ಧ ನೋಡ್ರಿ. ಇದ ಕಡೀ ಗುರುತು. ಬರೋ ವರ್ಷ ಪುನರುತ್ಥಾನದ ಹಬ್ಬದ ದಿನ, ಹೊತ್ತು ನೆತ್ತಿಗೆ ಬರೋದ್ರಾಗ ಪ್ರಭು ಇಳಿದು ಬರ್ತಾನ, ಸತ್ತವರು ಎದ್ದು ಬರ್ತಾರ."

ಕೇಳಿದವರು ಹನ್ನೊಂದು ಜನ. ಉಳಿದವರಿಗೆ ಬೆಂಕಿ, ತುತೂರಿ ಕೇಳಿಸಿದವು. ಫಕ್ಕೀರವ್ವನಿಗೆ ಕೇಳಿಸಿದ್ದು ಮಕ್ಕಳ ಹೆಜ್ಜೆ ಸಪ್ಪಳ. ಸತ್ತಾಗಿನ ಅಳತೆಗೇ ಎರಡು ಅಂಗಿ ಹೊಲಿದಿಟ್ಟಳು.

ಆ ದಿನ ಮುಂಜಾನೆ ಎಲ್ಲರೂ ಮಡಿ ಅರಿವೆ ಉಟ್ಟು ಕೋಟೆಯಾಚೆಯ ದಿಬ್ಬದ ಮೇಲೆ ಕುಳಿತರು. ಒಂಬತ್ತರ ಸುಮಾರಿಗೆ ಟಾಂಗಾ ಹೊಡೆಯುವ ಮಕ್ತುಮಸಾಬ ಓಡುತ್ತ ಬಂದ. ಅವನ ಹೆಂಡತಿ ದಾವಲಬಿಯ ಮೂರು ಹೆರಿಗೆಯನ್ನೂ ಮಾಡಿದಾಕೆ ಫಕ್ಕೀರವ್ವನೇ.

"ಅವ್ವಾ, ಕೂಸು ಅಡ್ಡ ಆಗೇತಿ. ಟಾಂಗಾ ಕೆಳಗ ನಿಲ್ಲಿಸೇನಿ, ಲಗೂನ ಬಾ."

ಫಕ್ಕೀರವ್ವ ಎದ್ದು ನಿಂತಳು. ಯಾಕೋಬಪ್ಪ ಮೆಲ್ಲಗೆ ಅಂದ, "ನೀ ಇಲ್ಲದಾಗ ಮಕ್ಳು ಎದ್ದು ಬಂದ್ರ, ನಿನ್ನ ಎಲ್ಲಿ ಹುಡುಕ್ಯಾವು?"

ಆಕೆ ಕುಳಿತುಬಿಟ್ಟಳು. "ಒಂದೆರಡು ತಾಸು ತಡಿಯೋ ಮಕ್ತುಮಾ. ಆಮ್ಯಾಲೆ ಯಾರಿಗೂ ನೋವಿರಂಗಿಲ್ಲ."

ಮಕ್ತುಮಸಾಬ ಕಾಲು ಹಿಡಿದ. ಆಕೆ ಆಕಾಶ ನೋಡುತ್ತಿದ್ದಳು. ಅವನು ಎದ್ದು ಹೋದ.

ಹೊತ್ತು ನೆತ್ತಿಗೆ ಬಂತು, ಇಳಿಯಿತು. ನವಿಲು ಕೂಗಿದವು. ಯಾರೋ ಹಸಿವೆ ಅಂದರು. ಆಕೆ ದಿಬ್ಬ ಇಳಿದು ಬರುವಷ್ಟರಲ್ಲಿ ಮಕ್ತುಮಸಾಬನ ಮನೆ ಮುಂದೆ ಜನ ನೆರೆದಿದ್ದರು. ತಾಯಿ, ಕೂಸು ಇಬ್ಬರೂ ಹೋಗಿದ್ದರು.

ಮುಂದಿನ ವಾರ ಯಾಕೋಬಪ್ಪ ಲೆಕ್ಕದಲ್ಲಿ ನಾಲ್ಕು ವರ್ಷ ಬಿಟ್ಟುಹೋಗಿತ್ತು ಎಂದ. ಆರು ಜನ ಬೈದು ಎದ್ದು ಹೋದರು. ಫಕ್ಕೀರವ್ವ ಎಲ್ಲರಿಗಿಂತ ಮೊದಲು ಆಮೆನ್ ಅಂದಳು. ಊರು ನಕ್ಕಿತು, ಹುಚ್ಚಿ ಅಂದಿತು. ಆದರೆ ಆಕೆಗೆ ಬೇರೆ ದಾರಿ ಎಲ್ಲಿತ್ತು? ಪ್ರಭು ಬಂದರೆ ದಾವಲಬಿಯೂ ಕೂಸನ್ನೆತ್ತಿಕೊಂಡು ಎದ್ದು ಬರುತ್ತಾಳೆ, ಆವತ್ತು ಆದದ್ದು ಬರೀ ತಡ ಅಷ್ಟೆ. ಬರದಿದ್ದರೆ ದಾವಲಬಿಯನ್ನು ಕೊಂದವಳು ತಾನೇ. ಮತ್ತೆಂದೂ ಯಾರ ಹೆರಿಗೆಗೂ ಹೋಗಲಿಲ್ಲ.

೧೯೪೬ರ ಹಬ್ಬವೂ ಹಾಗೇ ಕಳೆಯಿತು. ಆ ಮಳೆಗಾಲದಲ್ಲಿ ಯಾಕೋಬಪ್ಪ ಕೆಮ್ಮುತ್ತ ಆಕೆಯ ಬಾಗಿಲಿಗೆ ಬಂದ.

"ಫಕ್ಕೀರವ್ವಾ, ಎಲ್ಲಾ ನಂದ ತಪ್ಪು. ತಾರೀಖು ಯಾರಿಗೂ ತಿಳಿಯೂದಲ್ಲ. ಮಾಫ್ ಮಾಡವ್ವಾ."

"ತಪ್ಪು ಅನಬ್ಯಾಡ್ರಿ."

"ಖರೇನ ತಪ್ಪು…"

"ನಿಮಗ ಅನ್ನೂದು ಸಸಾರ ಐತ್ರಿ! ನೀವು ತಾರೀಖು ಹೇಳಿದ್ರಿ ಅಷ್ಟ. ದಾವಲಬಿ ಕಡೆ ಹೋಗದಾಕಿ ನಾನು." ಅವನ ಚೀಲದಿಂದ ಪೆನ್ಸಿಲು ಕಿತ್ತು ಕೈಗಿಟ್ಟಳು. "ಇನ್ನೊಮ್ಮೆ ಕೂಡಸ್ರಿ."

ಅವನು ಪೆನ್ಸಿಲು ಕೆಳಗಿಟ್ಟು ಅತ್ತ. ಮರುದಿನ ಹಿರೇಕೆರೂರು ಕಡೆಗೆ ಹೊರಟುಹೋದ. ಮತ್ತೆ ಬರಲಿಲ್ಲ.

ಭಾನುವಾರ ಉಳಿದ ನಾಲ್ಕು ಜನ ಕೂಡಿದರು. ಓದು ಬಾರದ ಫಕ್ಕೀರವ್ವ ಎದ್ದು ನಿಂತು, "ನಲವತ್ತೊಂಬತ್ತರ ಹಬ್ಬಕ್ಕ ಬರ್ತಾನ" ಅಂದಳು. ಎಲ್ಲಿಂದ ತೆಗೆದಿ ಅಂತ ಯಾರೂ ಕೇಳಲಿಲ್ಲ. ಯುದ್ಧಕ್ಕೆ ಹೋದ ಮಗನ ಕಾಗದಕ್ಕಾಗಿ ಐದು ವರ್ಷ ಕಾದಿದ್ದ ನಾಗವ್ವ ಎಂಬ ಮುದುಕಿ ಮಾತ್ರ ಸೆರಗು ಬಿಗಿದುಕೊಂಡು ಕೇಳಿದಳು:

"ನನ್ನ ಮಗಾನೂ ಬರ್ತಾನೇನ?"

"ಬರ್ತಾನ," ಅಂದಳು ಫಕ್ಕೀರವ್ವ.