ಕೇಳಿದ್ದು ನಿಮ್ಮನ್ನಲ್ಲ

ಮಕ್ಕಳ ತಪಾಸಣೆಯ ಕೋಣೆಯಲ್ಲಿ ತೂಕ ನೋಡುವ ನರ್ಸಮ್ಮನಿಗೆ ಮಕ್ಕಳ ಕಕ್ಕ, ವಾಂತಿ, ಸಿಂಬಳ ಯಾವುದಕ್ಕೂ ಹೇಸಿಗೆಯಿಲ್ಲ. ಮಡಿಲಲ್ಲಿ ಉಚ್ಚೆ ಹೊಯ್ದ ಮಗುವಿಗೆ "ಲೋ ಕಳ್ಳ, ನನಗೇ ಸ್ನಾನ ಮಾಡಿಸ್ತೀಯಾ?" ಎಂದು ಕೆನ್ನೆ ಹಿಂಡಿ, ಒರೆಸಿಕೊಂಡು ಮುಂದಿನವರನ್ನು ಕರೆಯುತ್ತಾಳೆ. ಅವಳಿಗೆ ಹೊಟ್ಟೆ ತೊಳಸುವುದು ದೊಡ್ಡವರ ಒಂದೇ ಒಂದು ಮಾತಿಗೆ: "ಮನೇಲಿ ಎಲ್ಲಾ ಚೆನ್ನಾಗಿದೆ." ಕಣ್ಣ ಸುತ್ತ ಕಪ್ಪು, ಬಾಚದ ತಲೆ, ಮಗು ಕೆಮ್ಮಿದರೂ ಬೆಚ್ಚುವ ಮೈ, ಆದರೂ ಎಲ್ಲಾ ಚೆನ್ನಾಗಿದೆಯಂತೆ! ಅದನ್ನು ಕೇಳಿ ಕೇಳಿ ಮುಖ ಗಂಟಾಗಿ, ತಾಯಂದಿರು ಅವಳಿಗೆ ಗಂಟುಮೋರೆ ಸಿಸ್ಟರ್ ಎಂದೇ ಹೆಸರಿಟ್ಟಿದ್ದರು.

"ನಿನಗ್ಯಾಕೆ ಊರ ಉಸಾಬರಿ? ತೂಕ ನೋಡು, ಸೂಜಿ ಚುಚ್ಚು, ಕಳಿಸು," ಎಂದು ಮನೆಯಲ್ಲಿ ತಂಗಿ ಬುದ್ಧಿ ಹೇಳುತ್ತಾಳೆ.

"ಮಗು ಏನು ಮರದಿಂದ ಉದುರುತ್ತಾ? ಒಂದು ಮನೆಯಿಂದ ತಾನೇ ಬರೋದು?" ಎಂದು ಇವಳು ಸಿಡುಕುತ್ತಾಳೆ.

ಅವತ್ತು ಬಂದದ್ದು ಮೂರು ತಿಂಗಳ ಹೆಣ್ಣುಮಗು. ತೂಕ ಹಿಂದಿನ ಸಲಕ್ಕಿಂತ ಒಂದು ಚೂರೂ ಏರಿರಲಿಲ್ಲ. ಡಾಕ್ಟರು ರೋಗವೇನೂ ಕಾಣುತ್ತಿಲ್ಲವೆಂದು, ಮನೆಯ ಕಡೆ ವಿಚಾರಿಸಲು ಇವಳ ಬಳಿ ಕಳಿಸಿದ್ದರು. ತಾಯಿ ಇನ್ನೂ ಹುಡುಗಿ. ಗೋಡೆ ನೋಡುತ್ತಾ ಕೂತಿದ್ದಳು. ಇಸ್ತ್ರಿ ಅಂಗಿಯ ಗಂಡ ಮೇಜಿನ ಮೇಲೆ ಮೊಣಕೈ ಊರಿದ್ದ.

"ರಾತ್ರಿ ನಿದ್ದೆ ಬರುತ್ತೇನಮ್ಮಾ?" ನರ್ಸಮ್ಮ ಹುಡುಗಿಯನ್ನು ಕೇಳಿದಳು.

"ಓ, ಚೆನ್ನಾಗಿ ಮಲಗ್ತೀವಿ," ಎಂದ ಗಂಡ.

"ಎದೆಹಾಲು?"

"ಹಾಲಿಗೇನೂ ಕೊರತೆಯಿಲ್ಲ ಸಿಸ್ಟರ್, ನಮಗೆ ಬೇಕಾದಷ್ಟು ಬರುತ್ತೆ."

ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗೂ ಬರುತ್ತಾ? ಹಾಗಾದ್ರೆ ಗುಂಡಿ ಬಿಚ್ಚಿ, ಮಗು ಹಸಿದಿದೆ."

ಅವನು ಹಲ್ಲುಕಿರಿದ. "ಚೆನ್ನಾಗಿ ತಮಾಷೆ ಮಾಡ್ತೀರಿ. ಇವಳಿಗೆ ಮಾತು ಕಮ್ಮಿ, ಅದಕ್ಕೇ ನಾನೇ..."

ನರ್ಸಮ್ಮ ತಾಯಿಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಹೆಂಡತಿಯ ಬಾಯಿಯನ್ನೂ ತಾನೇ ಹೊತ್ತು ತಿರುಗುವ ಇಂಥವರು ಎಷ್ಟು ಜನವೋ! ಇವತ್ತು ಈ ಹುಡುಗಿ ಬಾಯಿ ಬಿಡದೆ ಎದ್ದು ಹೋದರೆ, ಮುಂದಿನ ಚುಚ್ಚುಮದ್ದಿನ ತನಕ ಅವಳನ್ನು ಕೇಳುವ ನರಪಿಳ್ಳೆಯೂ ಇರುವುದಿಲ್ಲ. ಅಷ್ಟರಲ್ಲಿ ಮಗು ಇನ್ನಷ್ಟು ಸೊರಗುತ್ತದೆ, ತಾಯಿಯೂ.

"ಕೇಳಿದ್ದು ನಿಮ್ಮನ್ನಲ್ಲ," ಎಂದು ಮಗುವನ್ನು ಅವನ ಕೈಗೆ ಕೊಟ್ಟಳು. "ಆಚೆ ಬೆಂಚಿನ ಮೇಲೆ ಕೂತಿರಿ. ಕುತ್ತಿಗೆಗೆ ಕೈ ಕೊಡಿ."

"ಅಯ್ಯೋ, ಇದು ನನ್ನ ಹತ್ರ ಇರಲ್ಲ!"

"ನಿಮ್ಮ ಮಗಳು ತಾನೇ? ಇರ್ತಾಳೆ. ಹೊರಡಿ."

ಬಾಗಿಲು ಮುಚ್ಚಿ ಬಂದು, "ಮನೇಲಿ ಎಲ್ಲಾ ಚೆನ್ನಾಗಿದೆ ಅಲ್ವಾ?" ಎಂದಳು.

"ಹೂಂ," ಎಂದಳು ಹುಡುಗಿ.

ಥೂ, ಇದೂ ಒಂದು ಪ್ರಶ್ನೆಯೇ! ಬಾಲಕ್ಕೆ 'ಅಲ್ವಾ' ಅಂಟಿಸಿ ಕೇಳಿದರೆ ಯಾರು ತಾನೇ ಹೂಂಗುಟ್ಟದೆ ಇದ್ದಾರು? ನರ್ಸಮ್ಮನಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು. ಕುರ್ಚಿ ಎಳೆದುಕೊಂಡು ಹುಡುಗಿಯ ಪಕ್ಕದಲ್ಲೇ ಕೂತಳು.

"ಈಗ ಮನೆಗೆ ಹೋಗಬೇಕು ಅಂದ್ರೆ ನಿನಗೆ ಹೇಗನಿಸುತ್ತಮ್ಮಾ?"

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಮಗು ಕಿಟಾರನೆ ಕಿರುಚಿತು. ಬಾಗಿಲನ್ನು ದಬದಬ ಬಡಿದ ಸದ್ದು. "ಇನ್ನೂ ಎಷ್ಟು ಹೊತ್ತು? ಬಾರೇ, ಅಳ್ತಿದೆ!"

ಹುಡುಗಿ ದಿಗ್ಗನೆ ಎದ್ದಳು. ಎಲ್ಲ ಕೈತಪ್ಪಿತೆಂದುಕೊಂಡಳು ನರ್ಸಮ್ಮ. ಹುಡುಗಿ ಬಾಗಿಲ ತನಕ ಹೋಗಿ ಚಿಲಕದ ಮೇಲೆ ಕೈಯಿಟ್ಟಳು. ಒಂದು ಗಳಿಗೆ ಹಾಗೇ ನಿಂತು, ಚಿಲಕ ಹಾಕಿದಳು.

"ಎತ್ಕೊಂಡು ಓಡಾಡಿ," ಎಂದಳು ಬಾಗಿಲಿನಾಚೆ ಇದ್ದವನಿಗೆ.

ಆಮೇಲೆ ತಿರುಗಿ ಬಂದು ಕೂತು, "ಭಯ ಆಗುತ್ತೆ ಸಿಸ್ಟರ್," ಎಂದಳು.