ಕೆಳಗಿನ ಮನೆಯ ಬೀಗದ ಕೈ

ಡಾಟ್-ಕಾಮ್ ಕಂಪನಿಗಳ ಷೇರು ದಿನಾ ಮೇಲೇರುತ್ತಿದ್ದ ಕಾಲ. ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆಯವಳ ಇನ್ನೊಂದು ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಹಾಸನದ ಕಡೆಯವಳು, ನನಗಿಂತ ಐದಾರು ವರ್ಷ ಚಿಕ್ಕವಳು, ಮಹಾ ಮರೆಗುಳಿ. ವಾರಕ್ಕೆರಡು ಸಲ ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಬರುತ್ತಿದ್ದಳು. “ಅಕ್ಕಾ, ಮತ್ತೆ ಮರೆತ್ಬಿಟ್ಟೆ.” ಬೈದು, ಕಾಫಿ ಕೊಟ್ಟು, ಆಮೇಲೆ ಕೀ ಕೊಡುತ್ತಿದ್ದೆ. ಬೈಯುವುದರಲ್ಲಿ ನನಗೆಷ್ಟು ಸುಖವಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಆ ದೇಶದಲ್ಲಿ ನನಗಿದ್ದದ್ದು ಅದೊಂದೇ ಹುದ್ದೆ.

ಒಂದು ಬೇಸಿಗೆಯಲ್ಲಿ ಅವಳು ಮೆಟ್ಟಿಲು ಹತ್ತುವುದು ನಿಂತುಹೋಯಿತು. ಒಂದು ತಿಂಗಳಾಯಿತು, ಎರಡಾಯಿತು, ಕೀ ಕೇಳಲಿಲ್ಲ. ಅದು ಸಾಲದು ಅಂತ ನನಗೇ ನೆನಪಿಸತೊಡಗಿದಳು. “ಅಕ್ಕಾ, ನಾಳೆ ಡೇಕೇರಿಗೆ ರಜ, ಗೊತ್ತಲ್ವಾ?” ನನ್ನ ಮಗಳೂ ಅವಳ ಮಗನೂ ಹೋಗುತ್ತಿದ್ದದ್ದು ಒಂದೇ ಡೇಕೇರಿಗೆ, ಆದರೂ ನನಗೆ ಗೊತ್ತಿರಲಿಲ್ಲ. ಹಿಂದಿನ ವಾರವಷ್ಟೇ ನಾನು ಕುಕ್ಕರಿಗೆ ನೀರು ಹಾಕದೆ ಬೇಳೆ ಸೀಯಿಸಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಮೂವತ್ತೈದಕ್ಕೇ ನನ್ನ ತಲೆ ಹೋಗುತ್ತಿದೆಯೇ ಅನ್ನುವ ಭಯ ಒಂದು ಕಡೆ, ಅವಳ ತಲೆ ಹೇಗೆ ನೆಟ್ಟಗಾಯಿತು ಅನ್ನುವ ಹೊಟ್ಟೆಕಿಚ್ಚು ಇನ್ನೊಂದು ಕಡೆ. ಎರಡರಲ್ಲಿ ಹೊಟ್ಟೆಕಿಚ್ಚೇ ಜೋರಾಗಿತ್ತು.

ಅವಳಮ್ಮ ಊರಿಂದ ಒಂದೆಲಗದ ಪುಡಿ ಕಳಿಸಿರಬೇಕು ಅಂತ ತೀರ್ಮಾನಿಸಿದೆ. ನಾನೂ ಎಲ್ ಕಮಿನೊ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಒಂದು ಡಬ್ಬಿ ತಂದು ಹದಿನೈದು ದಿನ ಜೇನುತುಪ್ಪದಲ್ಲಿ ನೆಕ್ಕಿದೆ. ತೇಗು ಬಂತು, ನೆನಪು ಬರಲಿಲ್ಲ. ಅವಳದು ಬೇರೆ ಪುಡಿಯೇ ಇರಬೇಕೆಂದು ಕರಿಬೇವಿನ ನೆಪದಲ್ಲಿ ಅವಳ ಮನೆಗೆ ಹೋಗಿ, ಅವಳು ಮಗನ ಕೈ ತೊಳೆಸಲು ಹೋದಾಗ ಕಪಾಟುಗಳನ್ನೆಲ್ಲ ತೆಗೆದು ನೋಡಿದೆ.

ಪುಡಿ ಸಿಗಲಿಲ್ಲ. ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿತ್ತು. ಬಾಡಿಗೆ, ಗ್ರೋಸರಿ, ಡೇಕೇರು, ಊರಿಗೆ ಕಳಿಸುವುದು. ಕೊನೆಯಲ್ಲಿ ‘ಇವರ ಕಂಪನಿ ಷೇರು’, ಅದರ ಮುಂದೆ ಒಂದು ಸೊನ್ನೆ.

“ಏನೇ, ಕಂಪನಿ ಮುಳುಗಿತಾ?” ಅಂದೆ. ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು.

“ಇಲ್ಲಾ ಅಕ್ಕಾ. ಡೇಕೇರಲ್ಲಿ ಗುರುವಾರ ಒಬ್ಬರು ಅಜ್ಜಿ ಬರ್ತಾರಲ್ಲ, ಬ್ಯಾಂಕಲ್ಲಿದ್ದು ರಿಟೈರ್ ಆದೋರು. ಪೇರೆಂಟ್ಸಿಗೆ ಮನೆ ದುಡ್ಡಿನ ವಿಷಯ ಹೇಳ್ಕೊಡ್ತಾರೆ. ಕೈಗೆ ಬರದೇ ಇರೋದನ್ನ ಸೊನ್ನೆ ಅಂತ ಬರಿ ಅಂದ್ರು. ಬರೆದ್ಮೇಲೆ ತಲೇಲಿ ಜಾಗ ಆಯ್ತು. ಮೊದಲು ಬಾಗಿಲು ಹಾಕೋವಾಗ್ಲೂ ಆ ಷೇರಿಂದೇ ಯೋಚನೆ ಇರ್ತಿತ್ತು. ನಿಮಗೂ ಚೀಟಿ ಬಂದಿತ್ತಲ್ಲಾ?”

ಬಂದಿತ್ತು. ಗುಲಾಬಿ ಬಣ್ಣದ ಚೀಟಿ. ಅದರ ಮೇಲೆ ಬೋಂಡದ ಎಣ್ಣೆ ಬಸಿದಿದ್ದೆ.

“ನಮ್ಮಂಥೋರಿಗೆ ಅದೆಲ್ಲ ಯಾಕೆ ಬೇಕು?” ಅಂದು ಕರಿಬೇವನ್ನೂ ಮರೆತು ಎದ್ದುಬಂದೆ. ಷೇರಿಗೆ ಸೊನ್ನೆಯಂತೆ! ಗಂಡನಿಗೆ ಕಂಪನಿ ಕೊಡುತ್ತೇನೆಂದಿದ್ದ, ಇನ್ನೂ ಕೈಗೆ ಬಾರದ ಷೇರುಗಳನ್ನು ನಾನಾಗಲೇ ಮನಸ್ಸಿನಲ್ಲಿ ಮಾರಿ, ಫಾಸ್ಟರ್ ಸಿಟಿಯಲ್ಲಿ ನೀರಿನ ಪಕ್ಕ ಮನೆ ಕೊಂಡು, ದೇವರ ಕೋಣೆ ಎಲ್ಲಿರಬೇಕೆಂದು ಅವರ ಜೊತೆ ನಿಜವಾಗಿಯೂ ಜಗಳವಾಡುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಟಿವಿ ಮುಂದೆ ಕೂತರೆ, ಮಧ್ಯಾಹ್ನ ಒಂದಕ್ಕೆ ಮಾರ್ಕೆಟ್ಟು ಮುಚ್ಚುವವರೆಗೂ ಕಣ್ಣು ಅಲ್ಲೇ.

ಮಗಳನ್ನು ಡೇಕೇರಿನಿಂದ ಕರೆತರಬೇಕಾದದ್ದೂ ಒಂದಕ್ಕೇ. ಷೇರು ಜರ್ರನೆ ಇಳಿದ ಒಂದು ದಿನ, ಟಿವಿಯವರು ಏನಾದರೂ ಸಮಾಧಾನ ಹೇಳಿಯಾರೆಂದು ಕಾದು ಕೂತೆ. ಬಾಗಿಲು ತಟ್ಟಿದ ಸದ್ದಾಯಿತು. ಗಡಿಯಾರ ನೋಡಿದರೆ ಎರಡೂಕಾಲು.

ಕೆಳಗಿನವಳು ಎರಡೂ ಮಕ್ಕಳ ಕೈ ಹಿಡಿದು ನಿಂತಿದ್ದಳು. ನನ್ನ ಮಗಳ ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು. “ಆಂಟಿ ರಿಮೆಂಬರ್ಡ್ ಮಿ, ಅಮ್ಮಾ,” ಅಂದಳು.

ಕೆಳಗಿನವಳು ಒಂದು ಮಾತೂ ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ, ಕಾಫಿಯನ್ನೂ ಕೊಡುತ್ತಿದ್ದೆ. “ಗುರುವಾರ ಬನ್ನಿ ಅಕ್ಕಾ,” ಅಂದಳು ಅಷ್ಟೆ. ಅವಳ ಒಳ್ಳೆಯತನ ಕಂಡು ನನಗೆ ಇನ್ನೂ ಉರಿಯಿತು.

ಆದರೂ ಹೋದೆ. ಮಕ್ಕಳ ಕೆಂಪು ಕುರ್ಚಿಯ ಮೇಲೆ ಮಂಡಿ ಮಡಚಿ ಕೂತೆ. ಈ ತಿಂಗಳು ಖಂಡಿತವಾಗಿ ಕೈಗೆ ಬರುವುದೆಷ್ಟು ಅಂತ ಅಜ್ಜಿ ಕೇಳಿದರು. ಷೇರಿನ ಅವತ್ತಿನ ಬೆಲೆ ನಾಲಿಗೆ ತುದಿಯಲ್ಲಿತ್ತು, ಗಂಡನ ಸಂಬಳ ಮಾತ್ರ ನೆನಪಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಕೆಳಗಿನವಳು ಕೇಳಿಸಲೇ ಇಲ್ಲವೇನೋ ಅನ್ನುವ ಹಾಗೆ ಕಿಟಕಿಯ ಕಡೆ ನೋಡುತ್ತಿದ್ದಳು.

ಮನೆಗೆ ಬಂದು ಟಿವಿ ಹಾಕಲಿಲ್ಲ. ಡ್ರಾಯರಿನಿಂದ ನಮ್ಮ ಮನೆಯ ಇನ್ನೊಂದು ಕೀ ತೆಗೆದುಕೊಂಡು ಕೆಳಗಿಳಿದು ಹೋಗಿ ಅವಳಿಗೆ ಕೊಟ್ಟೆ. ನನ್ನ ಹತ್ತಿರವಿದ್ದ ಅವಳ ಕೀಯನ್ನು ವಾಪಸ್ ಕೊಡಲಿಲ್ಲ. ಅವಳು ಕೇಳಲೂ ಇಲ್ಲ.