ಗೆಜ್ಜಲಗೆರೆಯ ಹದಿನೆಂಟು ಕಂಪ್ಯೂಟರು

ನಾನು ಓದಿದ್ದು ಒಂಬತ್ತನೇ ಕ್ಲಾಸಿನವರೆಗೆ. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಮದ್ದೂರಿನಲ್ಲಿ ಕೇಬಲ್ ಟೀವಿಯ ವೈರು ಎಳೆಯುತ್ತ ಕಂಬ ಹತ್ತಿದವನು ನಾನು. ಕಂಡಕಂಡವರ ಹತ್ತಿರ ಕೇಳಿ, ಕೆಟ್ಟ ಪೆಟ್ಟಿಗೆಗಳನ್ನು ಬಿಚ್ಚಿ ಕಲಿತು, ಈಗ ಆಫೀಸುಗಳ ಕಂಪ್ಯೂಟರ್ ಕೆಲಸವನ್ನು ಒಬ್ಬನೇ ಹಿಡಿದು ಮಾಡುತ್ತೇನೆ. ಆದರೆ ಕೆಲಸ ನೋಡುವ ಮೊದಲೇ ಯಾರಾದರೂ ಓದಿನ ಲೆಕ್ಕ ಕೇಳಿದರೆ ಮೈ ಉರಿಯುತ್ತದೆ.

ಹೋದ ವರ್ಷ ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಆಫೀಸಿಗೆ ಹದಿನೆಂಟು ಹೊಸ ಕಂಪ್ಯೂಟರು ಬಂದವು. ಬೆಂಗಳೂರಿನ ಹೆಡ್ಡಾಫೀಸಿನ ಇಂಜಿನಿಯರ್ ಮೇಡಂ ಬೆಳಿಗ್ಗೆ ಫೋನಿನಲ್ಲಿ ಅದೇ ಪ್ರಶ್ನೆ ಕೇಳಿದರು. ಇದ್ದದ್ದು ಹೇಳಿದೆ. "ಐದು ಗಂಟೆಯೊಳಗೆ ಹದಿನೆಂಟೂ ರೆಡಿ ಆದ್ರೆ ಮಂಡ್ಯ, ಮಳವಳ್ಳಿ ಆಫೀಸಿನ ಕೆಲಸವೂ ನಿಮ್ದೇ. ಆಗ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ನಮ್ಮ ಟೀಮ್ ಬರುತ್ತೆ" ಅಂದರು.

ಕೆಲಸ ಕೇಳುವುದಕ್ಕೆ ಸುಲಭ. ಹೊಸ ಕಂಪ್ಯೂಟರಿನ ಹೊಟ್ಟೆ ಖಾಲಿ. ಕೇಬಲ್ ಸಿಕ್ಕಿಸಿ ಆನ್ ಮಾಡಿದರೆ, "ನಾನು ಹೊಸಬ, ನನಗೊಂದು ನಂಬರು ಕೊಡಿ, ನನ್ನ ಊಟ ಎಲ್ಲಿದೆ ಹೇಳಿ" ಎಂದು ಕೇಬಲ್ಲಿನುದ್ದಕ್ಕೂ ಕೂಗುತ್ತದೆ. ಒಳಕೋಣೆಯ ಸರ್ವರ್ ಯಂತ್ರ ಅದಕ್ಕೆ ಓಗೊಟ್ಟು, ನಂಬರು ಕೊಟ್ಟು, ಮೇಡಂ ತಯಾರು ಮಾಡಿಟ್ಟ ಸಾಫ್ಟ್‌ವೇರಿನ ಒಂದೇ ನಕಲನ್ನು ಊಟ ಬಡಿಸಿದ ಹಾಗೆ ಎಲ್ಲಕ್ಕೂ ಇಳಿಸುತ್ತದೆ. ಆರಾರು ಯಂತ್ರಗಳನ್ನು ಒಟ್ಟಿಗೆ ಕೂರಿಸಬಹುದು.

ಹತ್ತು ಗಂಟೆಗೆ ಮೊದಲ ಆರು ಮುಗಿದವು. ಎರಡನೇ ಆರನ್ನು ಕೂರಿಸಿ ಆನ್ ಮಾಡಿದೆ. ಕರಿ ಪರದೆ. ಊಟ ಸಿಗಲಿಲ್ಲ ಎಂದು ಆರೂ ಹಟ ಹಿಡಿದು ನಿಂತವು. ಗುತ್ತಲಿನಿಂದ ದಿನಾ ಬೈಕಿನಲ್ಲಿ ಬರುವ ಆಫೀಸ್ ಮ್ಯಾನೇಜರು ಬಗ್ಗಿ ನೋಡಿದರು.

"ಏನ್ ಗುರುವೇ, ಮೊದಲ್ನೇ ಪಂಕ್ತಿಗೇ ಅನ್ನ ಖಾಲಿಯಾ?"

ಕೇಬಲ್ ಬದಲಾಯಿಸಿದೆ. ಸೆಟ್ಟಿಂಗ್ ತಿರುವಿದೆ. ಅಷ್ಟರಲ್ಲಿ ಟೀ ಬಂತು, ಕುಡಿದೆ. ಇನ್ನೊಮ್ಮೆ ಆನ್ ಮಾಡಿದರೆ ಆರೂ ಸರಸರನೆ ಎದ್ದವು! "ಕೇಬಲ್ ಕೆಟ್ಟಿತ್ತು ಸಾರ್, ಹಿಡಿದೆ" ಎಂದು ಎದೆ ಉಬ್ಬಿಸಿ ಹೇಳಿದೆ. ಮ್ಯಾನೇಜರು ಆಗಿನಿಂದ ನನ್ನನ್ನು ಡಾಕ್ಟ್ರೇ ಎಂದು ಕರೆಯಲು ಶುರುಮಾಡಿದರು.

ಊಟದ ಹೊತ್ತಿಗೆ ಕೊನೆಯ ಆರನ್ನು ಕೂರಿಸಿದೆ. ಮತ್ತೆ ಕರಿ ಪರದೆ. ಡಾಕ್ಟರಿಗೆ ಮುಖ ಎತ್ತಲಾಗಲಿಲ್ಲ. ಮೇಡಂಗೆ ಫೋನ್ ಮಾಡಿ, "ನಿಮ್ಮ ಸರ್ವರ್ರೇ ಸರಿ ಇಲ್ಲ" ಅಂದೆ.

"ಇಲ್ಲಿಂದ ನೋಡ್ತಾ ಇದೀನಿ, ಚೆನ್ನಾಗೇ ಇದೆ. ಟೀಮಿಗೆ ಹೊರಡೋಕೆ ಹೇಳ್ಲಾ?"

"ಬೇಡ ಮೇಡಂ. ಐದು ಅಂದ್ರೆ ಐದು."

ಊಟ ಬಿಟ್ಟು, ಕೇಬಲ್ಲೆಲ್ಲ ಬಂದು ಸೇರುವ ಗೋಡೆಯ ಪೆಟ್ಟಿಗೆ ಬಿಚ್ಚಿದೆ. ಇದ್ದ ಕೇಬಲ್ಲನ್ನೆಲ್ಲ ಕಿತ್ತು, ಒಂದೊಂದನ್ನೂ ಪರೀಕ್ಷಿಸಿ ಮತ್ತೆ ಹಾಕುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಆನ್ ಮಾಡಿದರೆ ಅದೇ ಕರಿ ಪರದೆ. ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅಡಿಗೆಕೋಣೆಯ ಅಕ್ಕ ಟೀ ತಂದರು. ಕೆರಗೋಡಿನ ಕಡೆಯವರು. ಅವರ ನಾಲಿಗೆಗೆ ಮ್ಯಾನೇಜರೂ ಒಂದೇ, ನಾನೂ ಒಂದೇ.

"ಬೆಳಿಗ್ಗೆ ಟೀ ತಂದಾಗ್ಲೂ ಇದೇ ಮೊಕ, ಮದ್ದಿನಕ್ ಸಾರು ಬಿಸಿ ಮಾಡ್ಕಂಡ್ ಬಂದಾಗ್ಲೂ ಇದೇ ಮೊಕ, ಈಗ್ಲೂ ಇದೇ ಮೊಕ. ನಾನ್ ಬತ್ತಿದ್ದಂಗೆ ನಿಂಗೇನ್ಲಾ ಬತ್ತದೆ?"

ಲೋಟ ಕೈಯಲ್ಲೇ ನಿಂತಿತು. ಹೌದಲ್ಲ, ಮೂರು ಸಲವೂ ಅವರು ಒಲೆ ಹೊತ್ತಿಸಿದ ಹೊತ್ತೇ! ಕರಿ ಪರದೆಯ ಮೇಲಿದ್ದ ಸಣ್ಣ ಅಕ್ಷರಗಳನ್ನು ಸರಿಯಾಗಿ ನೋಡಿದೆ. ಆ ಆಫೀಸಿನ ನಂಬರೆಲ್ಲ ಹತ್ತರಿಂದ ಶುರು. ಇಲ್ಲಿ ಬಂದಿದ್ದ ನಂಬರು ನೂರತೊಂಬತ್ತೆರಡರಿಂದ ಶುರುವಾಗಿತ್ತು. ಅಂದರೆ ಸರ್ವರಿಗಿಂತ ಮೊದಲು ಬೇರೆ ಯಾರೋ ಓಗೊಡುತ್ತಿದ್ದಾರೆ. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಹೊಸಬ ದಾರಿ ಕೇಳಿದರೆ, ಗೊತ್ತಿದ್ದವನು ಬಾಯಿ ಬಿಡುವ ಮೊದಲೇ ಗೊತ್ತಿಲ್ಲದವನು ಕೈ ತೋರಿಸಿಬಿಡುವುದಿಲ್ಲವೇ, ಹಾಗೆ.

ಅಡಿಗೆಕೋಣೆಗೆ ಓಡಿದೆ. ಅಕ್ಕನೂ ಹಿಂದೆಯೇ ಬಂದು ಅಭ್ಯಾಸದಂತೆ ಸ್ವಿಚ್ಚು ಹಾಕಿದರು. ಕರೆಂಟ್ ಒಲೆಯ ಮೇಲಿನ ಗೂಡಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕ, ಹಸಿರು ದೀಪ ಮಿಣುಕಿಸುತ್ತ ವೈಫೈ ಪೆಟ್ಟಿಗೆಯೊಂದು ಕೂತಿತ್ತು.

"ಇದನ್ಯಾರಕ್ಕ ಇಲ್ಲಿ ಇಟ್ಟೋರು?"

"ಅಯ್ ನಿನ್ ಮನೆ ಕಾಯೋಗ! ನೀನೇ ಅಲ್ವೇನ್ಲಾ ಇಟ್ಟೋಗಿದ್ದು?"

ನಾನೇ! ಅದಕ್ಕೂ ನಾಲ್ಕು ತಿಂಗಳ ಹಿಂದೆ ಪ್ರಿಂಟರ್ ರಿಪೇರಿಗೆ ಬಂದಿದ್ದೆ. ತಗಡಿನ ಸೂರಿನ ಕೆಳಗೆ ಸಿಗ್ನಲ್ ಬರಲ್ಲ, ಫೋನಿನಲ್ಲಿ ನಿನ್ನೆಯ ಸೀರಿಯಲ್ಲು ನೋಡಕ್ಕಾಗಲ್ಲ ಎಂದು ಅಕ್ಕ ಗೋಳಾಡಿದ್ದಕ್ಕೆ, ಚೀಲದಲ್ಲಿದ್ದ ಹಳೆಯ ಪೆಟ್ಟಿಗೆಯನ್ನು ಎರಡೇ ನಿಮಿಷದಲ್ಲಿ ಸಿಕ್ಕಿಸಿದ್ದೆ. ಅವಸರದಲ್ಲಿ ಕೇಬಲ್ಲನ್ನು ತಪ್ಪು ತೂತಿಗೆ ಹಾಕಿದ್ದೆ. ಹಾಗೆ ಹಾಕಿದರೆ ಆ ಪೆಟ್ಟಿಗೆ ತಾನೇ ಇಡೀ ಆಫೀಸಿನ ಯಜಮಾನ ಎಂದುಕೊಂಡು ಕೇಳಿದವರಿಗೆಲ್ಲ ನಂಬರು ಹಂಚುತ್ತದೆ. ಊಟ ಎಲ್ಲಿದೆ ಎಂದು ಮಾತ್ರ ಅದಕ್ಕೆ ಗೊತ್ತಿಲ್ಲ. ಒಲೆಗೂ ಪೆಟ್ಟಿಗೆಗೂ ಒಂದೇ ಬೋರ್ಡು. ಅಕ್ಕ ಒಳಗೆ ಬಂದರೆ ಸ್ವಿಚ್ಚೆಲ್ಲ ಆನ್, ಹೊರಗೆ ಹೋದರೆ ಎಲ್ಲ ಆಫ್. "ಕರೆಂಟೇನು ಕಾಲ್ವೆ ನೀರಾ, ಸುಮ್ನೆ ಅರಿಯಕ್ ಬುಡಕೆ?" ಎನ್ನುವುದು ಅವರ ನ್ಯಾಯ.

ನಿಜ ಹೇಳುತ್ತೇನೆ, ಪೆಟ್ಟಿಗೆಯನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಬಿಡೋಣ ಅನ್ನಿಸಿತು. ಕೇಳಿದವರಿಗೆ ಸರ್ವರೇ ಸರಿಹೋಯಿತು ಎನ್ನಬಹುದಿತ್ತು. ಆದರೆ ತಪ್ಪನ್ನು ಹುಡುಕಿದವನು ನಾನು ಎಂದು ಹೇಳಿಕೊಳ್ಳಬೇಕಾದರೆ, ಮಾಡಿದವನೂ ನಾನೇ ಎಂದು ಹೇಳಲೇಬೇಕಿತ್ತು. ಹುಡುಕಿದ ಹೆಮ್ಮೆಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಮ್ಯಾನೇಜರ ಎದುರಿಗೇ ಮೇಡಂಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ.

ಆ ಕಡೆಯಿಂದ ನಗು ಕೇಳಿಸಿತು, ಬಿದ್ದುಬಿದ್ದು ನಗು.

"ಟೀ ಟೈಮ್ ನೋಡಿ ಹಿಡಿದ್ರಾ? ಸರಿ, ಪೆಟ್ಟಿಗೆ ಕೀಳಬೇಡಿ. ಸರಿಯಾದ ತೂತಿಗೆ ಹಾಕಿ, ಅದು ಆನ್ ಇರುವಾಗ್ಲೇ ಆರನ್ನೂ ಎಬ್ಬಿಸಿ. ಆಗ ಒಪ್ತೀನಿ. ಲೈನಲ್ಲೇ ಇರ್ತೀನಿ."

ತೂತು ಬದಲಾಯಿಸಿ ಬಂದು ಕಂಪ್ಯೂಟರುಗಳ ಮುಂದೆ ನಿಂತೆ. "ಸ್ವಿಚ್ಚು ಆಕಕ್ಕಾ!" ಎಂದು ಕೂಗಿದೆ. "ಆಕ್ದೆ ಕಣ್ಲಾ, ಎಲ್ಲಾನೂವೆ!" ಎಂದು ಅಡಿಗೆಕೋಣೆಯಿಂದ ಉತ್ತರ ಬಂತು. ಒಂದೊಂದಾಗಿ ಆರರ ಗುಂಡಿಯನ್ನೂ ಒತ್ತಿದೆ. ಮ್ಯಾನೇಜರು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು.

ಹತ್ತು! ನಂಬರು ಹತ್ತರಿಂದ ಶುರು. ಎರಡನೆಯದರಲ್ಲೂ ಹತ್ತು. ಆರರಲ್ಲೂ ನೀಲಿ ಗೆರೆ ಬಲಕ್ಕೆ ತೆವಳತೊಡಗಿತು. ಒಳಗಿನಿಂದ, ಅಕ್ಕನ ಫೋನಿನಲ್ಲಿ, ಸೀರಿಯಲ್ಲಿನ ಅತ್ತೆ ಸೊಸೆಯನ್ನು ಜೋರಾಗಿ ಬೈಯುವುದು ಕೇಳಿಸಿತು.

"ಡಾಕ್ಟ್ರೇ, ರೋಗ ಅಂಟಿಸಿದ್ದೂ ನೀವೇ, ಔಷಧಿ ಕೊಟ್ಟಿದ್ದೂ ನೀವೇ" ಎಂದು ಮ್ಯಾನೇಜರು ಬೆನ್ನಿಗೊಂದು ಬಿಟ್ಟರು. ಐದಕ್ಕೆ ಹತ್ತು ನಿಮಿಷ ಇರುವಾಗ ಹದಿನೆಂಟೂ ಮುಗಿದವು.

ಫೋನಿನಲ್ಲಿ ಮೇಡಂ ಈ ಸಲ ಓದಿನ ಸುದ್ದಿ ತೆಗೆಯಲಿಲ್ಲ. "ನಾಳೆ ಮಂಡ್ಯಕ್ಕೆ ಎಷ್ಟೊತ್ತಿಗೆ ಹೋಗ್ತೀರಿ?" ಎಂದು ಕೇಳಿದರು.

"ಎಂಟೂವರೆಗೆ ಮೇಡಂ. ಮೊದಲು ಅಡಿಗೆಕೋಣೆ ನೋಡ್ಕಂಡು ಆಮೇಲೆ ಕಂಪ್ಯೂಟರ್ ಮುಟ್ತೀನಿ" ಅಂದೆ.